ಪೆಟ್ಟಿಗೆಯಿಂದ ಹೊರಬಂದ ನೆಟ್‌ವರ್ಕ್: ಎಸ್‌ಡಿಎನ್, ಎನ್‌ಎಫ್‌ವಿ ಬಗ್ಗೆ ಒಂದು ಉಪನ್ಯಾಸ

(ಮಡಿಕೇರಿಯಲ್ಲಿ ವಿದ್ಯಾರ್ಥಿಗಳು ಮತ್ತು ಊರಿನವರ ಮುಂದೆ ಆಡಿದ ಮಾತಿನ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಬಿಟ್ಟಿದ್ದೇನೆ. ಪರದೆಯ ಮೇಲೆ ತೋರಿಸಿದ್ದನ್ನು ಬಿಡಿಸಿ ಬರೆದಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲೇ ಹೇಳಿಬಿಡುತ್ತೇನೆ, ಈ ಉಪನ್ಯಾಸ ಕೇಳಿ ಹೋದವರ ಮನೆಯಲ್ಲಿ ಸಿಗ್ನಲ್ ಒಂದು ಕಡ್ಡಿಯೂ ಜಾಸ್ತಿ ಆಗುವುದಿಲ್ಲ. ಕೊಡಗಿನಲ್ಲಿ ‘ನೆಟ್‌ವರ್ಕ್’ ಅಂತ ಬೋರ್ಡ್ ಹಾಕಿದರೆ ಜನ ಬರುವುದೇ ಆ ಆಸೆಗೆ ಅಂತ ನನಗೆ ಗೊತ್ತು. ನಾಪೋಕ್ಲು ಕಡೆ ತೋಟದ ಮನೆಯಲ್ಲಿ ಫೋನ್ ಬಂದರೆ ಕಾಫಿ ಕಣದ ಮೂಲೆಗೆ ಓಡುವವರಿಗೆ ಇವತ್ತಿನ ವಿಷಯ ದೂರದ್ದು ಅನ್ನಿಸಬಹುದು. ಆದರೆ ಆ ಮೂಲೆಯಲ್ಲಿ ಸಿಗುವ ಎರಡು ಕಡ್ಡಿ ಸಿಗ್ನಲ್ ಇದೆಯಲ್ಲ, ಅದರ ಹಿಂದಿರುವ ಯಂತ್ರಗಳು ಕಳೆದ ಹದಿನೈದು ವರ್ಷದಲ್ಲಿ ಗುರುತು ಸಿಗದಷ್ಟು ಬದಲಾಗಿವೆ. ಟವರ್‌ನಿಂದ ಆಚೆ ಏನಾಗುತ್ತದೆ ಅನ್ನುವುದು ಇವತ್ತಿನ ಮಾತು.

ಎರಡು ಹೆಸರು ಪದೇ ಪದೇ ಬರುತ್ತವೆ. ಸಾಫ್ಟ್‌ವೇರ್ ಡಿಫೈನ್ಡ್ ನೆಟ್‌ವರ್ಕಿಂಗ್, ಅಂದರೆ ಎಸ್‌ಡಿಎನ್. ನೆಟ್‌ವರ್ಕ್ ಫಂಕ್ಷನ್ ವರ್ಚುವಲೈಸೇಶನ್, ಅಂದರೆ ಎನ್‌ಎಫ್‌ವಿ. ಇವೆರಡನ್ನೂ ಜೋಡಿಯಾಗಿಯೇ ಹೇಳುವ ರೂಢಿ. ಹಾಗಾಗಿ ಎರಡೂ ಒಂದೇ ಅಂದುಕೊಂಡವರು ತುಂಬ ಜನ. ಹುಟ್ಟಿದ ಜಾಗ ಬೇರೆ, ಹುಟ್ಟಿಸಿದವರು ಬೇರೆ, ಕಾರಣವೂ ಬೇರೆ. ಒಂದನ್ನು ತಂದವರು ವಿಶ್ವವಿದ್ಯಾಲಯದವರು, ಇನ್ನೊಂದನ್ನು ತಂದವರು ಫೋನ್ ಕಂಪನಿಯವರು. ಒಂದೊಂದಾಗಿ ನೋಡೋಣ.

ಯಾವುದೇ ರೌಟರ್ ತೆಗೆದುಕೊಳ್ಳಿ. ಅದರೊಳಗೆ ಎರಡು ಕೆಲಸ ನಡೆಯುತ್ತಿರುತ್ತದೆ. ಒಂದು, ದಾರಿ ತೀರ್ಮಾನಿಸುವುದು: ಇಂಥ ಕಡೆಗೆ ಹೋಗುವ ಪ್ಯಾಕೆಟ್ (ಡೇಟಾದ ಒಂದು ಸಣ್ಣ ತುಂಡು) ಯಾವ ಪೋರ್ಟ್‌ನಿಂದ, ಅಂದರೆ ವೈರ್ ಸಿಕ್ಕಿಸುವ ಯಾವ ಬಾಗಿಲಿನಿಂದ, ಹೊರಗೆ ಹೋಗಬೇಕು ಅನ್ನುವ ಲೆಕ್ಕ. ಇನ್ನೊಂದು, ಸಾಗಿಸುವುದು: ಬಂದ ಪ್ಯಾಕೆಟ್ ನೋಡಿ, ಪಟ್ಟಿ ನೋಡಿ, ಆಚೆ ತಳ್ಳುವುದು. ಮೊದಲನೆಯದನ್ನು ಕಂಟ್ರೋಲ್ ಪ್ಲೇನ್ ಅನ್ನುತ್ತಾರೆ, ಎರಡನೆಯದನ್ನು ಡೇಟಾ ಪ್ಲೇನ್. ಲೆಕ್ಕ ಹಾಕುವ ಕೆಲಸ ಆಗೊಮ್ಮೆ ಈಗೊಮ್ಮೆ. ತಳ್ಳುವ ಕೆಲಸ ಸೆಕೆಂಡಿಗೆ ಲಕ್ಷಾಂತರ ಸಲ. ಹಳೆಯ ರೌಟರ್‌ಗಳಲ್ಲಿ ಎರಡೂ ಒಂದೇ ಬಾಕ್ಸ್‌ನಲ್ಲಿ, ಒಂದೇ ಕಂಪನಿಯ ಬೀಗದೊಳಗೆ ಇದ್ದವು.

2018ರ ಆಗಸ್ಟ್ ಇಲ್ಲಿ ಯಾರಿಗೂ ಮರೆತಿಲ್ಲ. ಮದೆನಾಡು, ಜೋಡುಪಾಲದ ಹತ್ತಿರ ಗುಡ್ಡ ಜಾರಿ ಮಡಿಕೇರಿ–ಸಂಪಾಜೆ ರಸ್ತೆ ಹೋಯಿತು. ಮಂಗಳೂರಿಗೆ ಹೋಗುವವರು ಭಾಗಮಂಡಲ, ಕರಿಕೆ, ಪಾಣತ್ತೂರು ಸುತ್ತಿಕೊಂಡು ಹೋಗಬೇಕಾಯಿತು. ಈಗ ಒಂದು ಊಹೆ ಮಾಡಿ. ಪ್ರತಿ ಕೂಡುರಸ್ತೆಯಲ್ಲಿ ಒಬ್ಬ ಪೊಲೀಸ್ ನಿಂತಿದ್ದಾರೆ. ಯಾರಿಗೂ ಮೇಲಿನಿಂದ ಆದೇಶ ಬರುವುದಿಲ್ಲ. ಪಕ್ಕದ ಕೂಡುರಸ್ತೆಯವರು ಹೇಳಿದ್ದನ್ನು ಕೇಳಿಕೊಂಡು ತಾವೇ ತೀರ್ಮಾನ ಮಾಡಬೇಕು. ಜೋಡುಪಾಲದ ಸುದ್ದಿ ಬಾಯಿಂದ ಬಾಯಿಗೆ ಕುಶಾಲನಗರ ಮುಟ್ಟುವಷ್ಟರಲ್ಲಿ ಎಷ್ಟೋ ಲಾರಿ ಮಡಿಕೇರಿಗೆ ಹತ್ತಿ ಆಗಿರುತ್ತದೆ. ಅದರ ಬದಲು ಮಡಿಕೇರಿಯಲ್ಲೊಂದು ಕಂಟ್ರೋಲ್ ರೂಮ್ ಇದ್ದು, ಇಡೀ ಜಿಲ್ಲೆಯ ನಕ್ಷೆ ಅವರ ಮುಂದಿದ್ದು, ಕೂಡುರಸ್ತೆಯವರು ಹೇಳಿದ್ದಷ್ಟನ್ನೇ ಮಾಡಿದರೆ? ಮೊದಲನೆಯದು ಹಳೆಯ ನೆಟ್‌ವರ್ಕ್. ಎರಡನೆಯದು ಎಸ್‌ಡಿಎನ್.

ಹಳೆಯದನ್ನು ಹೀಗಳೆಯಬಾರದು. ರೌಟರ್‌ಗಳು ದಾರಿಯ ಸುದ್ದಿ ಹಂಚಿಕೊಳ್ಳುವ ಒಎಸ್‌ಪಿಎಫ್‌ನಂಥ ವಿಧಾನದಲ್ಲಿ ಪ್ರತಿ ರೌಟರ್‌ಗೂ ತನ್ನ ಪ್ರದೇಶದ ನಕ್ಷೆ ಸಿಗುತ್ತದೆ. ಆದರೆ ತೀರ್ಮಾನ ಅವರವರದೇ. ಯಾರೋ ಒಬ್ಬರು ಬಿದ್ದರೆ ಎಲ್ಲರೂ ಬೀಳಬಾರದು ಅನ್ನುವ ಯೋಚನೆ ಅದರ ಹಿಂದಿದೆ. ಇಡೀ ಇಂಟರ್‌ನೆಟ್ ನಿಂತಿರುವುದು ಇವತ್ತಿಗೂ ಅದರ ಮೇಲೆಯೇ. ತೊಂದರೆ ಬೇರೆ ಕಡೆ ಇತ್ತು. ಒಂದು ಸಣ್ಣ ನಿಯಮ ಬದಲಿಸಬೇಕು ಅಂದರೆ ನೂರು ಬಾಕ್ಸ್‌ಗೂ ಒಂದೊಂದಾಗಿ ಲಾಗಿನ್ ಆಗಬೇಕು. ಒಂದು ಕಂಪನಿಯ ಕಮಾಂಡ್ ಇನ್ನೊಂದರಲ್ಲಿ ನಡೆಯುವುದಿಲ್ಲ. ಹೊಸ ವಿಚಾರ ಪ್ರಯೋಗ ಮಾಡಬೇಕು ಅಂದರೆ ಕಂಪನಿಯೇ ಮನಸ್ಸು ಮಾಡಬೇಕು. ಅದಕ್ಕೆ ವರ್ಷಗಟ್ಟಲೆ ಕಾಯಬೇಕು.

ಈ ಕಾಯುವಿಕೆ ಸಾಕಾಗಿದ್ದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರಿಗೆ. ಮಾರ್ಟಿನ್ ಕಸಾಡೊ ಅಲ್ಲಿ ಸಂಶೋಧನಾ ವಿದ್ಯಾರ್ಥಿ. ನಿಕ್ ಮೆಕ್‌ಕ್ಯೋನ್ ಅವರ ಗುರು. ಬರ್ಕ್ಲಿಯ ಸ್ಕಾಟ್ ಶೆಂಕರ್ ಜೊತೆಗಿದ್ದರು. 2007ರಲ್ಲಿ ಇವರೆಲ್ಲ ಸೇರಿ ಈಥೇನ್ ಅನ್ನುವ ವ್ಯವಸ್ಥೆಯ ಬಗ್ಗೆ ಪ್ರಬಂಧ ಮಂಡಿಸಿದರು. ಯಾರು ಯಾರ ಜೊತೆ ಮಾತಾಡಬಹುದು ಅನ್ನುವ ತೀರ್ಮಾನ ಒಂದೇ ಕಂಟ್ರೋಲರ್‌ನದು, ಅಂದರೆ ಕಂಟ್ರೋಲ್ ರೂಮ್‌ನ ಹಾಗೆ ಕೆಲಸ ಮಾಡುವ ಸಾಫ್ಟ್‌ವೇರ್‌ನದು. ಪ್ಯಾಕೆಟ್ ಸಾಗಿಸುವ ಬಾಕ್ಸ್‌ಗಳು, ಅಂದರೆ ಸ್ವಿಚ್‌ಗಳು, ಹೇಳಿದ್ದು ಕೇಳುವವು ಅಷ್ಟೆ. ಕ್ಯಾಂಪಸ್‌ನಲ್ಲಿ 300ಕ್ಕೂ ಹೆಚ್ಚು ಕಂಪ್ಯೂಟರ್‌ಗಳನ್ನು ಹೀಗೆ ನಡೆಸಿ ತೋರಿಸಿದರು. 2008ರಲ್ಲಿ ಓಪನ್‌ಫ್ಲೋ ಬಂತು, ಕಂಟ್ರೋಲರ್ ಸ್ವಿಚ್‌ಗಳ ಜೊತೆ ಮಾತಾಡುವ ಭಾಷೆ ಅದು. ಅದರ ಬೇಡಿಕೆ ಚಿಕ್ಕದು, ಆದರೆ ಜಾಣತನದ್ದು. ಸ್ವಿಚ್ ತಯಾರಿಸುವವರಿಗೆ ‘ನಿಮ್ಮ ಗುಟ್ಟು ಯಾವುದನ್ನೂ ಬಿಚ್ಚಬೇಡಿ, ಒಳಗೆ ಹೇಗೂ ಒಂದು ಪಟ್ಟಿ ಇದ್ದೇ ಇದೆ, ಅದರಲ್ಲಿ ಹೊರಗಿನವರು ಬರೆಯುವುದಕ್ಕೆ ಬಿಡಿ, ಸಾಕು’ ಅಂದರು.

ಆ ಪಟ್ಟಿಯ ಹೆಸರು ಫ್ಲೋ ಟೇಬಲ್. ಒಂದು ಸಾಲು ಹೇಗಿರುತ್ತದೆ ಅಂತ ನೋಡಿದರೆ ಅರ್ಧ ವಿಷಯ ಅರ್ಥ ಆದ ಹಾಗೆ. ಎಡಗಡೆ ಗುರುತು: 1ನೇ ಪೋರ್ಟ್‌ನಿಂದ ಬಂದದ್ದು, ಇಂಥ ವಿಳಾಸಕ್ಕೆ ಹೋಗುವಂಥದ್ದು, ವೆಬ್‌ನ ಪ್ಯಾಕೆಟ್. ಬಲಗಡೆ ಕೆಲಸ: 3ನೇ ಪೋರ್ಟ್‌ಗೆ ಕಳಿಸು, ಅಥವಾ ಬಿಸಾಡು, ಅಥವಾ ವಿಳಾಸ ತಿದ್ದಿ ಕಳಿಸು. ಪಕ್ಕದಲ್ಲಿ ಒಂದು ಎಣಿಕೆ: ಈ ಸಾಲಿಗೆ ಇದುವರೆಗೆ ಎಷ್ಟು ಪ್ಯಾಕೆಟ್ ಹೊಂದಿತು ಅಂತ. ಜೊತೆಗೆ ಆದ್ಯತೆ, ಅವಧಿ. ಇಷ್ಟೇ. ಈ ಸಾಲು ರೌಟರ್‌ನ ಕೆಲಸ ಮಾಡಬಲ್ಲದು, ಬೇಡದ್ದನ್ನು ತಡೆಯುವ ಫೈರ್‌ವಾಲ್‌ನ ಕೆಲಸವನ್ನೂ ಮಾಡಬಲ್ಲದು. ಯಾವ ಸಾಲಿಗೂ ಹೊಂದದ ಪ್ಯಾಕೆಟ್ ಬಂದರೆ ಸ್ವಿಚ್ ಅದನ್ನು ಕಂಟ್ರೋಲರ್‌ಗೆ ಕಳಿಸಿ ‘ಇದನ್ನೇನು ಮಾಡಲಿ?’ ಅಂತ ಕೇಳುತ್ತದೆ. ಕಂಟ್ರೋಲರ್ ಹೊಸ ಸಾಲು ಬರೆಸುತ್ತದೆ. ಮುಂದಿನ ಪ್ಯಾಕೆಟ್‌ಗಳಿಗೆ ಕೇಳುವ ಅಗತ್ಯ ಇಲ್ಲ.

ಇದನ್ನು ಲ್ಯಾಪ್‌ಟಾಪ್‌ನಲ್ಲಿ ಮಾಡಿ ತೋರಿಸಿದೆ. ಮಿನಿನೆಟ್ ಅಂತ ಒಂದು ಉಚಿತ ಸಾಫ್ಟ್‌ವೇರ್ ಇದೆ. ಒಂದೇ ಕಮಾಂಡ್‌ನಲ್ಲಿ ಒಂದು ಸ್ವಿಚ್, ಮೂರು ಕಂಪ್ಯೂಟರ್ ಇರುವ ನೆಟ್‌ವರ್ಕ್ ಕಟ್ಟಿಕೊಡುತ್ತದೆ. ಎಲ್ಲವೂ ಲ್ಯಾಪ್‌ಟಾಪ್ ಒಳಗೇ. ಒಳಗಿರುವ ಸ್ವಿಚ್ ಹೆಸರು ಓಪನ್ ವಿಸ್ವಿಚ್. ಇದು ಆಟದ ಸಾಮಾನಲ್ಲ, ನಿಜವಾದ ಡೇಟಾ ಸೆಂಟರ್‌ಗಳಲ್ಲೂ ಇದೇ ಓಡುತ್ತಿದೆ.

ಒಂದು ಕಂಪ್ಯೂಟರ್ ಇನ್ನೊಂದನ್ನು ‘ಇದ್ದೀಯಾ?’ ಅಂತ ಕೂಗಿ ಉತ್ತರಕ್ಕೆ ಕಾಯುವುದು ಪಿಂಗ್. ಮೊದಲು ಕಂಟ್ರೋಲರ್ ಶುರು ಮಾಡದೆ, ಎಲ್ಲರೂ ಎಲ್ಲರನ್ನೂ ಕೂಗುವ ‘ಪಿಂಗ್‌ಆಲ್’ ಕೊಟ್ಟೆ. ಮೂರು ಕಂಪ್ಯೂಟರ್ ಒಂದಕ್ಕೊಂದು ಕೂಗಿದರೆ ಒಟ್ಟು ಆರು ಕೂಗು. ಆರಕ್ಕೆ ಆರೂ ಕಳೆದುಹೋಯಿತು, ನೂರಕ್ಕೆ ನೂರು ನಷ್ಟ. ವೈರ್ ಇದೆ, ಸ್ವಿಚ್ ಇದೆ, ಪಟ್ಟಿ ಖಾಲಿ. ಆಮೇಲೆ ಇನ್ನೊಂದು ವಿಂಡೋದಲ್ಲಿ ಕಂಟ್ರೋಲರ್ ಶುರು ಮಾಡಿ, ಒಂದನೆಯದರಿಂದ ಎರಡನೆಯದಕ್ಕೆ ಪಿಂಗ್ ಕೊಟ್ಟೆ. ಮೊದಲ ಉತ್ತರಕ್ಕೆ ಕೆಲವು ಮಿಲಿಸೆಕೆಂಡ್ ಹಿಡಿಯಿತು. ಎರಡನೆಯದರಿಂದ ಮುಂದಕ್ಕೆ ಒಂದು ಮಿಲಿಸೆಕೆಂಡಿನ ಹತ್ತನೇ ಒಂದು ಭಾಗವೂ ಇಲ್ಲ. ಮೊದಲ ಸಲದ ಆ ತಡ ವಿಳಾಸ ಹುಡುಕುವುದಕ್ಕೆ, ಮತ್ತೆ ಕಂಟ್ರೋಲರ್ ಹತ್ತಿರ ಹೋಗಿ ಕೇಳಿಕೊಂಡು ಬಂದಿದ್ದಕ್ಕೆ. ಪಟ್ಟಿ ತೆಗೆದು ನೋಡಿದರೆ ಎರಡು ಹೊಸ ಸಾಲು ಕೂತಿದ್ದವು, ಹೋಗುವುದಕ್ಕೊಂದು, ಬರುವುದಕ್ಕೊಂದು. ಎಣಿಕೆ ಏರುತ್ತಿತ್ತು.

ಆಮೇಲೆ ಪಿಂಗ್ ಓಡುತ್ತಿರುವಾಗಲೇ ಕಂಟ್ರೋಲರ್ ನಿಲ್ಲಿಸಿಬಿಟ್ಟೆ. ಏನಾಗುತ್ತದೆ ಅಂತ ಕೇಳಿದಾಗ ಸಭೆಯಲ್ಲಿ ಹೆಚ್ಚಿನವರು ‘ನಿಂತುಹೋಗುತ್ತದೆ’ ಅಂದರು. ನಿಲ್ಲಲಿಲ್ಲ. ಪಟ್ಟಿಯಲ್ಲಿ ಸಾಲು ಇದೆ, ಸ್ವಿಚ್‌ಗೆ ಅಷ್ಟು ಸಾಕು. ಆದರೆ ಅದುವರೆಗೆ ಮಾತಾಡದೆ ಇದ್ದ ಮೂರನೆಯ ಕಂಪ್ಯೂಟರ್‌ಗೆ ಪಿಂಗ್ ಕೊಟ್ಟರೆ ಉತ್ತರವೇ ಇಲ್ಲ. ಹಳೆಯ ಮಾತುಕತೆ ನಡೆಯುತ್ತದೆ, ಹೊಸದು ಶುರುವಾಗುವುದಿಲ್ಲ. ಇದನ್ನು ಬೇಕಾದ ಹಾಗೆ ಬದಲಿಸಬಹುದು. ಕಂಟ್ರೋಲರ್ ಕಾಣೆಯಾದರೆ ಸಾದಾ ಸ್ವಿಚ್ ಥರ ಸ್ವಂತ ಬುದ್ಧಿಯಿಂದ ನಡೆ ಅಂತ ಮೊದಲೇ ಹೇಳಿಟ್ಟರೆ ಹಾಗೂ ನಡೆಯುತ್ತದೆ. ಎರಡರಲ್ಲಿ ಯಾವುದು ಸರಿ ಅನ್ನುವುದಕ್ಕೆ ಒಂದೇ ಉತ್ತರ ಇಲ್ಲ. ಬ್ಯಾಂಕಿನ ನೆಟ್‌ವರ್ಕ್ ಆದರೆ ಹೊಸಬರನ್ನು ಬಿಡದಿರುವುದೇ ಒಳ್ಳೆಯದು. ಆಸ್ಪತ್ರೆಯದಾದರೆ ಹೇಗಾದರೂ ನಡೆಯಲಿ ಅನ್ನಬೇಕಾಗುತ್ತದೆ. ಎಸ್‌ಡಿಎನ್ ಬಗ್ಗೆ ಇವತ್ತು ನೀವು ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಈ ಪ್ರಯೋಗ ನೆನಪಿಟ್ಟುಕೊಳ್ಳಿ. ತೀರ್ಮಾನವನ್ನು ದೂರ ಇಟ್ಟ ಮೇಲೆ, ಅದರ ಜೊತೆ ಸಂಪರ್ಕ ತಪ್ಪಿದಾಗ ಏನು ಅನ್ನುವುದನ್ನೂ ನೀವೇ ಬರೆದಿಡಬೇಕು.

ಇಷ್ಟೆಲ್ಲ ಪಾಡು ಪಟ್ಟರೆ ಸಿಗುವ ಲಾಭ ಏನು? ಗೂಗಲ್‌ನ ಬಿ4 ಒಳ್ಳೆಯ ಉದಾಹರಣೆ. ಪ್ರಪಂಚದಾದ್ಯಂತ ಇರುವ ತನ್ನ ಡೇಟಾ ಸೆಂಟರ್‌ಗಳ ಮಧ್ಯೆ ಗೂಗಲ್ ಕಟ್ಟಿಕೊಂಡ ಜಾಲ ಅದು. 2013ರಲ್ಲಿ ಅದರ ವಿವರ ಹೊರಬಂತು. ಸಾಮಾನ್ಯವಾಗಿ ದೂರದ ಲಿಂಕ್‌ಗಳನ್ನು 30–40 ಶೇಕಡಕ್ಕಿಂತ ಜಾಸ್ತಿ ತುಂಬಿಸುವುದಿಲ್ಲ. ಒಂದು ಕಡಿದರೆ ಅದರ ಹೊರೆ ಇನ್ನೊಂದರ ಮೇಲೆ ಬೀಳುತ್ತದೆ, ಅದಕ್ಕೆ ಜಾಗ ಬೇಕಲ್ವಾ? ಅಂದರೆ ಕೊಟ್ಟ ದುಡ್ಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಸುಮ್ನೆ ಬಿದ್ದಿರುತ್ತದೆ. ಬಿ4ನಲ್ಲಿ ಎಷ್ಟೋ ಲಿಂಕ್‌ಗಳು ಹೆಚ್ಚುಕಮ್ಮಿ ಪೂರ್ತಿ ತುಂಬಿ ಓಡುತ್ತವೆ, ಸರಾಸರಿ 70 ಶೇಕಡ. ಹೇಗೆ? ಕಂಟ್ರೋಲರ್‌ಗೆ ಇಡೀ ಜಾಲ ಕಾಣುತ್ತದೆ. ಯಾವ ಡೇಟಾ ಅರ್ಜೆಂಟ್, ಯಾವುದು ಕಾಯಬಹುದು ಅನ್ನುವುದೂ ಗೊತ್ತಿದೆ. ಒಂದು ಲಿಂಕ್ ಹೋದರೆ ದೊಡ್ಡ ದೊಡ್ಡ ಕಾಪಿ ಕೆಲಸಗಳನ್ನು ತಡೆದು, ಜನರ ಡೇಟಾಗೆ ದಾರಿ ಬಿಡುತ್ತದೆ. ಇಲ್ಲೊಂದು ಮಾತು ಸೇರಿಸಬೇಕು. ಎರಡೂ ತುದಿ ಗೂಗಲ್‌ನದೇ ಆಗಿದ್ದರಿಂದ ಇದು ಸಾಧ್ಯ ಆಯಿತು. ಯಾರ ಡೇಟಾ ಯಾವುದು ಅಂತ ಗೊತ್ತಿಲ್ಲದ ಇಂಟರ್‌ನೆಟ್ ಕಂಪನಿಗೆ ಈ ಅನುಕೂಲ ಇಲ್ಲ.

ಅದೇ ಗೂಗಲ್‌ಗೆ 2019ರ ಜೂನ್ 2ರಂದು ಏನಾಯಿತು ನೋಡಿ. ಒಂದು ಕಡೆ ಸಣ್ಣ ನಿರ್ವಹಣೆ ಕೆಲಸ ಇತ್ತು. ಅದನ್ನು ನಡೆಸುವ ಸ್ವಯಂಚಾಲಿತ ಸಾಫ್ಟ್‌ವೇರ್‌ನಲ್ಲಿ ಒಂದು ದೋಷ, ಸೆಟ್ಟಿಂಗ್‌ನಲ್ಲಿ ಎರಡು ತಪ್ಪು. ಮೂರೂ ಸೇರಿ ಒಂದು ಜಾಗದ ಬದಲು ಹಲವು ಜಾಗಗಳ ಕಂಟ್ರೋಲ್ ಪ್ಲೇನ್ ಒಟ್ಟಿಗೇ ನಿಂತುಹೋಯಿತು. ಜಾಲ ತಕ್ಷಣ ಬೀಳಲಿಲ್ಲ. ನಾವು ಈಗಷ್ಟೇ ನೋಡಿದ ಹಾಗೆ, ಹಳೆಯ ಪಟ್ಟಿಯ ಮೇಲೆ ಕೆಲವು ನಿಮಿಷ ಓಡಿತು. ಆಮೇಲೆ ದಾರಿಗಳು ಒಂದೊಂದಾಗಿ ಮುಚ್ಚಿಹೋದವು. ಉಳಿದ ಲಿಂಕ್‌ಗಳು ತುಂಬಿ ಕಟ್ಟಿಕೊಂಡವು. ಯೂಟ್ಯೂಬ್‌ಗೆ, ಗೂಗಲ್ ಕ್ಲೌಡ್‌ಗೆ ಏಟು ಬಿತ್ತು. ಸರಿಹೋಗುವುದಕ್ಕೆ ನಾಲ್ಕು ಗಂಟೆಗೂ ಮೇಲೆ ಹಿಡಿಯಿತು. ಎಂಜಿನಿಯರ್‌ಗಳಿಗೆ ತೊಂದರೆ ಬೇಗ ಗೊತ್ತಾಗಿತ್ತು. ಆದರೆ ಅದನ್ನು ಹುಡುಕುವ, ಸರಿಪಡಿಸುವ ಟೂಲ್‌ಗಳೂ ಅದೇ ತುಂಬಿ ಕಟ್ಟಿದ ಜಾಲದ ಮೇಲೆಯೇ ಓಡಬೇಕಿತ್ತು. ಹಳೆಯ ಕಾಲದಲ್ಲಿ ಒಂದು ರೌಟರ್ ಕೆಟ್ಟರೆ ಒಂದು ರೌಟರ್ ಕೆಡುತ್ತಿತ್ತು. ಒಂದು ತಪ್ಪು ಆದೇಶ ಒಂದೇ ಏಟಿಗೆ ಎಲ್ಲ ಕಡೆ ಮುಟ್ಟುವುದು ಎಸ್‌ಡಿಎನ್‌ನ ಶಕ್ತಿ. ಅದರ ಭಯವೂ ಅದೇ.

ಓಪನ್‌ಫ್ಲೋ ಕಥೆ ಏನಾಯಿತು ಅಂತ ಬೇಗ ಹೇಳಿ ಮುಗಿಸುತ್ತೇನೆ. 2011ರಲ್ಲಿ ಅದನ್ನು ಬೆಳೆಸುವುದಕ್ಕೆ ಓಪನ್ ನೆಟ್‌ವರ್ಕಿಂಗ್ ಫೌಂಡೇಶನ್ ಅನ್ನುವ ಸಂಸ್ಥೆ ಬಂತು. 2012ರಲ್ಲಿ ಕಸಾಡೊ ಮತ್ತು ಗೆಳೆಯರ ಕಂಪನಿ ನೈಸಿರಾವನ್ನು ವಿಎಂವೇರ್ ಅನ್ನುವ ದೊಡ್ಡ ಸಾಫ್ಟ್‌ವೇರ್ ಕಂಪನಿ ನೂರು ಕೋಟಿ ಡಾಲರ್‌ಗೂ ಮಿಗಿಲು ಕೊಟ್ಟು ಕೊಂಡಿತು. ಎಲ್ಲ ಸ್ವಿಚ್‌ಗಳೂ ಓಪನ್‌ಫ್ಲೋ ಮಾತಾಡುತ್ತವೆ ಅಂತ ಆಗ ಎಲ್ಲರೂ ಅಂದರು. ಹಾಗಾಗಲಿಲ್ಲ. ಫ್ಲೋ ಟೇಬಲ್ ಇಡುವ ವಿಶೇಷ ಮೆಮೊರಿ ದುಬಾರಿ, ಕರೆಂಟ್ ಜಾಸ್ತಿ ತಿನ್ನುತ್ತದೆ. ಸಾದಾ ಸ್ವಿಚ್‌ಗಳಲ್ಲಿ ಕೆಲವೇ ಸಾವಿರ ಸಾಲು ಹಿಡಿಯುತ್ತಿತ್ತು. ಆದರೆ ತೀರ್ಮಾನ ಮತ್ತು ಸಾಗಣೆ ಬೇರೆ ಬೇರೆ ಅನ್ನುವ ಮೂಲ ವಿಚಾರ ಗೆದ್ದಿತು. ಇವತ್ತು ಕ್ಲೌಡ್‌ನಲ್ಲಿ ನೀವು ಒಂದು ಸರ್ವರ್ ಬಾಡಿಗೆಗೆ ತೆಗೆದುಕೊಂಡರೆ ನಿಮ್ಮದೇ ಒಂದು ಖಾಸಗಿ ನೆಟ್‌ವರ್ಕ್ ಕ್ಷಣದಲ್ಲಿ ಸಿಗುತ್ತದೆ. ಯಾರೂ ಹೋಗಿ ವೈರ್ ಹಾಕುವುದಿಲ್ಲ. ಒಂದೇ ವೈರ್ ಮೇಲೆ ಹಲವು ಜಾಲ ಬೇರೆ ಬೇರೆಯಾಗಿ ಓಡಿಸುವ ಹಳೆಯ ವಿಧಾನ ವಿಲ್ಯಾನ್‌ನಲ್ಲಿ 4,094 ಬೇರೆ ಬೇರೆ ಜಾಲಕ್ಕೆ ಮಾತ್ರ ಜಾಗ. ವಿಎಕ್ಸ್‌ಲ್ಯಾನ್ ಬಂದ ಮೇಲೆ ಅದು ಸುಮಾರು 1 ಕೋಟಿ 60 ಲಕ್ಷ. ಇದರ ಹಿಂದೆ ಕೂತಿರುವುದು ಎಸ್‌ಡಿಎನ್ ಕಂಟ್ರೋಲರ್‌ಗಳೇ.

ಈಗ ಎನ್‌ಎಫ್‌ವಿಗೆ ಬರೋಣ. ಇದು ಫೋನ್ ಕಂಪನಿಗಳ ಗೋಳಿನಿಂದ ಹುಟ್ಟಿದ್ದು. 2012ರ ಅಕ್ಟೋಬರ್‌ನಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ ಹದಿಮೂರು ಟೆಲಿಕಾಂ ಕಂಪನಿಗಳು ಸೇರಿ ಒಂದು ಪ್ರಕಟಣೆ ಹೊರಡಿಸಿದವು. ಮುಂದೆ ಅದರ ಕೆಲಸವನ್ನು ಟೆಲಿಕಾಂ ಮಾನದಂಡ ಬರೆಯುವ ಯುರೋಪಿನ ಎಟ್ಸಿ ಸಂಸ್ಥೆ ಕೈಗೆತ್ತಿಕೊಂಡಿತು. ದೂರು ಸರಳ: ಫೈರ್‌ವಾಲ್‌ಗೆ ಒಂದು ಬಾಕ್ಸ್, ವಿಳಾಸ ಬದಲಿಸುವುದಕ್ಕೆ ಇನ್ನೊಂದು, ಹೊರೆ ಹಂಚುವುದಕ್ಕೆ ಮತ್ತೊಂದು, ಮೊಬೈಲ್ ಕೋರ್‌ಗೆ, ಅಂದರೆ ಸಿಮ್ ಗುರುತಿಸಿ ಕರೆ ಜೋಡಿಸುವ ಕೇಂದ್ರಕ್ಕೆ, ಒಂದು ರೂಮು ತುಂಬ. ಪ್ರತಿಯೊಂದೂ ಬೇರೆ ಕಂಪನಿಯದು. ಜಾಗ ಬೇಕು, ಕರೆಂಟ್ ಬೇಕು, ಅದನ್ನು ಬಲ್ಲ ಜನ ಬೇಕು. ಕೊಂಡು ಜೋಡಿಸಿ ಮುಗಿಸುವಷ್ಟರಲ್ಲಿ ಹಳತಾಗಿರುತ್ತದೆ.

ಅವರು ಕೇಳಿದ್ದು ಇಷ್ಟೇ. ಈ ಬಾಕ್ಸ್‌ಗಳ ಒಳಗೆ ನಿಜವಾದ ಕೆಲಸ ಮಾಡುವುದು ಸಾಫ್ಟ್‌ವೇರ್. ಅದನ್ನು ಹೊರಗೆ ತೆಗೆದು ಅಂಗಡಿಯಲ್ಲಿ ಸಿಗುವ ಸಾದಾ ಸರ್ವರ್ ಮೇಲೆ ಯಾಕೆ ಓಡಿಸಬಾರದು? ಹಬ್ಬದ ದಿನ ಹೊರೆ ಜಾಸ್ತಿ ಆದರೆ ಇನ್ನೆರಡು ಪ್ರತಿ ಶುರು ಮಾಡಿದರಾಯಿತು, ರಾತ್ರಿ ಕಮ್ಮಿ ಆದರೆ ನಿಲ್ಲಿಸಿದರಾಯಿತು. ಎಸ್‌ಡಿಎನ್ ಬೇರೆ ಮಾಡಿದ್ದು ತೀರ್ಮಾನವನ್ನು ಸಾಗಣೆಯಿಂದ. ಎನ್‌ಎಫ್‌ವಿ ಬೇರೆ ಮಾಡಿದ್ದು ಕೆಲಸವನ್ನು ಕಬ್ಬಿಣದಿಂದ, ಅಂದರೆ ಬಾಕ್ಸ್‌ನಿಂದ. ಒಂದಿಲ್ಲದೆ ಇನ್ನೊಂದು ಇರಬಹುದು. ಒಟ್ಟಿಗಿದ್ದರೆ ಅನುಕೂಲ ಜಾಸ್ತಿ. ಫೈರ್‌ವಾಲ್ ಈಗ ಈ ಸರ್ವರ್‌ನಲ್ಲಿ, ನಾಳೆ ಆ ಸರ್ವರ್‌ನಲ್ಲಿ ಅಂತಾದಾಗ ಪ್ಯಾಕೆಟ್‌ಗಳನ್ನು ಅದರ ಹಿಂದೆಯೇ ತಿರುಗಿಸುವವರು ಬೇಕಲ್ಲ, ಅದಕ್ಕೆ ಎಸ್‌ಡಿಎನ್.

ಹೇಳುವುದು ಸುಲಭ. ಮಾಡುವಾಗ ಮೊದಲು ಅಡ್ಡ ಬಂದದ್ದು ವೇಗ. ಒಂದು ಲೆಕ್ಕ ಹೇಳುತ್ತೇನೆ. 10 ಗಿಗಾಬಿಟ್ ಲಿಂಕ್‌ನಲ್ಲಿ ಅತಿ ಚಿಕ್ಕ ಪ್ಯಾಕೆಟ್‌ಗಳು, ಅಂದರೆ 64 ಬೈಟ್‌ನವು, ಒಂದರ ಹಿಂದೆ ಒಂದು ಬಂದರೆ ಸೆಕೆಂಡಿಗೆ ಸುಮಾರು 1 ಕೋಟಿ 48 ಲಕ್ಷ 80 ಸಾವಿರ ಪ್ಯಾಕೆಟ್. ಒಂದಕ್ಕೆ ಸಿಗುವ ಸಮಯ 67 ನ್ಯಾನೊಸೆಕೆಂಡ್. ಮೂರು ಗಿಗಾಹರ್ಟ್ಸ್ ಪ್ರೊಸೆಸರ್‌ಗೆ ಅದು ಸುಮಾರು 200 ಮಿಡಿತ ಮಾತ್ರ. ಮೆಮೊರಿಯಿಂದ ಒಂದು ಸಲ ಏನಾದರೂ ತರಬೇಕಾಗಿ ಬಂದರೂ ಆ ಸಮಯ ಮುಗಿದೇ ಹೋಯಿತು. ಸಾದಾ ಲಿನಕ್ಸ್, ಪ್ಯಾಕೆಟ್ ಬಂದಾಗಲೆಲ್ಲ ಪ್ರೊಸೆಸರ್‌ನ ಕೆಲಸ ನಿಲ್ಲಿಸಿ ಕರೆಯುವ ಪದ್ಧತಿಯಲ್ಲಿ ಇದನ್ನು ತಾಳಲಾರದು. ಅದಕ್ಕೆ ಇಂಟೆಲ್‌ನವರು ಡಿಪಿಡಿಕೆ ಅಂತ ತಂದರು. ಆಪರೇಟಿಂಗ್ ಸಿಸ್ಟಮನ್ನು ಪಕ್ಕಕ್ಕಿಟ್ಟು, ನೆಟ್‌ವರ್ಕ್ ಕಾರ್ಡನ್ನು ನೇರ ಪ್ರೋಗ್ರಾಮೇ ನೋಡುತ್ತಿರುತ್ತದೆ. ‘ಬಂತಾ? ಬಂತಾ?’ ಅಂತ ಬಿಡದೆ ಕೇಳುತ್ತಲೇ ಇರುತ್ತದೆ. ವೇಗ ಸಿಕ್ಕಿತು. ಆದರೆ ಒಂದೇ ಒಂದು ಪ್ಯಾಕೆಟ್ ಬಾರದಿದ್ದರೂ ಆ ಪ್ರೊಸೆಸರ್ ಕೋರ್ ನೂರಕ್ಕೆ ನೂರು ದುಡಿಯುತ್ತಿರುತ್ತದೆ. ಕರೆಂಟ್ ಉಳಿಸುತ್ತೇವೆ ಅಂತ ಹೊರಟ ಯೋಜನೆಗೆ ಇದು ಸ್ವಲ್ಪ ತಮಾಷೆಯೇ.

ಎರಡನೆಯ ತೊಂದರೆ ಜನರದು. ಮೊದಮೊದಲು ಬಂದ ಎನ್‌ಎಫ್‌ವಿ ಸಾಫ್ಟ್‌ವೇರ್‌ಗಳಲ್ಲಿ ಎಷ್ಟೋ, ಹಳೆಯ ಬಾಕ್ಸ್‌ನ ಪ್ರೋಗ್ರಾಮನ್ನೇ ಎತ್ತಿ ವರ್ಚುವಲ್ ಮಷಿನ್‌ಗೆ (ಸರ್ವರ್ ಒಳಗೆ ಸಾಫ್ಟ್‌ವೇರ್‌ನಲ್ಲೇ ಕಟ್ಟಿದ ಕಂಪ್ಯೂಟರ್) ತುರುಕಿದಂಥವು. ಶುರುವಾಗುವುದಕ್ಕೇ ನಿಮಿಷಗಟ್ಟಲೆ ಬೇಕು. ಲೈಸೆನ್ಸ್ ಹಳೆಯ ಬಾಕ್ಸ್‌ನ ಲೆಕ್ಕದಲ್ಲೇ. ಕೆಟ್ಟರೆ ಸರ್ವರ್‌ನವರು ಸಾಫ್ಟ್‌ವೇರ್‌ನವರ ಕಡೆ ಕೈ ತೋರಿಸುತ್ತಾರೆ, ಅವರು ಇವರ ಕಡೆ. ಇವನ್ನೆಲ್ಲ ನೋಡಿಕೊಳ್ಳಲು ಮಾನೋ ಅಂತ ದೊಡ್ಡ ಚೌಕಟ್ಟು ಬರೆದರು. ಅದರ ಚಿತ್ರ ಪರದೆಗೆ ಹಾಕಿದ್ದೆ, ಬೇಗ ತೆಗೆದೆ. ಆ ಚೌಕ, ಬಾಣಗಳನ್ನು ನೋಡಿದರೆ ನಿದ್ದೆ ಬರುತ್ತದೆ ಅನ್ನುವುದು ನನ್ನ ಅನುಭವ. ನಿಜವಾಗಿ ಗಾಡಿ ಮುಂದೆ ಹೋಗಿದ್ದು ಅದಕ್ಕಿಂತ ಹಗುರವಾದ ಕಂಟೇನರ್, ಅವನ್ನು ನಡೆಸುವ ಕುಬರ್ನೆಟಿಸ್ ಬಂದ ಮೇಲೆ. 5ಜಿಯ ಕೋರನ್ನು ಮೊದಲಿನಿಂದಲೇ ಬಿಡಿ ಬಿಡಿ ಸಾಫ್ಟ್‌ವೇರ್ ಸೇವೆಗಳಾಗಿ ಬರೆದರು. ಫೋನ್ ಎಲ್ಲಿದೆ ಅಂತ ನೋಡಿಕೊಳ್ಳುವುದು ಎಎಂಎಫ್, ಡೇಟಾ ಸಂಪರ್ಕ ಏರ್ಪಡಿಸುವುದು ಎಸ್‌ಎಂಎಫ್, ಪ್ಯಾಕೆಟ್ ಸಾಗಿಸುವುದು ಯುಪಿಎಫ್. ಗಮನಿಸಿ, ಇಲ್ಲೂ ತೀರ್ಮಾನ ಬೇರೆ, ಸಾಗಣೆ ಬೇರೆ. 2020ರಲ್ಲಿ ಜಪಾನಿನ ರಾಕುಟೆನ್ ಪೂರ್ತಿ ಸಾಫ್ಟ್‌ವೇರ್ ಮೇಲೆಯೇ ನಿಂತ ಮೊಬೈಲ್ ಜಾಲವನ್ನು ಜನರಿಗೆ ತೆರೆಯಿತು.

ನಮ್ಮ ದೇಶದ್ದೂ ಹೇಳಬೇಕು. ಕೇಂದ್ರ ಸರ್ಕಾರದ ಟೆಲಿಕಾಂ ಸಂಶೋಧನಾ ಸಂಸ್ಥೆ ಸಿ-ಡಾಟ್ ಶುರುವಾಗಿದ್ದು 1984ರಲ್ಲಿ. ಅವರ ಹಳ್ಳಿ ಟೆಲಿಫೋನ್ ಎಕ್ಸ್‌ಚೇಂಜ್, 128 ಪೋರ್ಟ್‌ನದು, ಮೊದಲು ಕೆಲಸ ಶುರು ಮಾಡಿದ್ದು ನಮ್ಮ ಕಿತ್ತೂರಿನಲ್ಲಿ, 1986ರಲ್ಲಿ. ಈಗ ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿಯ ಕೋರ್ ಅದೇ ಸಿ-ಡಾಟ್‌ನದು, ರೇಡಿಯೊ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್‌ನದು, ಒಟ್ಟು ಜೋಡಣೆ ಟಿಸಿಎಸ್‌ನದು. ಅಂದು ಎಕ್ಸ್‌ಚೇಂಜ್ ಅಂದರೆ ಕೈಯಲ್ಲಿ ಮುಟ್ಟುವಂಥ ಯಂತ್ರ. ಇಂದು ಕೋರ್ ಅಂದರೆ ಸರ್ವರ್‌ನಲ್ಲಿ ಓಡುವ ಸಾಫ್ಟ್‌ವೇರ್.

ಇದೆಲ್ಲ ಕೊಡಗಿಗೆ ಯಾಕೆ ಬೇಕು? ಮಳೆಗಾಲದಲ್ಲಿ ಇಲ್ಲಿ ನೆಟ್‌ವರ್ಕ್ ಹೋಗುವುದು ಮೂರು ಕಾರಣಕ್ಕೆ. ಕರೆಂಟ್ ಹೋಗಿ ಬ್ಯಾಟರಿ ಖಾಲಿಯಾಗಿ ಡೀಸೆಲ್ ಮುಗಿಯುವುದು. ಮರ ಬಿದ್ದು ಅಥವಾ ಗುಡ್ಡ ಜಾರಿ ಫೈಬರ್ ಕಡಿಯುವುದು. ಟವರ್‌ಗೇ ಹಾನಿಯಾಗುವುದು. ಮೊದಲನೆಯದಕ್ಕೂ ಕೊನೆಯದಕ್ಕೂ ನಾನು ಹೇಳಿದ ಯಾವ ಜಾಣತನವೂ ಉಪಯೋಗಕ್ಕೆ ಬರುವುದಿಲ್ಲ. ಫೈಬರ್ ಕಡಿದರೆ ಬೇರೆ ದಾರಿಗೆ ಬೇಗ ತಿರುಗಿಸುವುದು ಎಸ್‌ಡಿಎನ್‌ಗೆ ಗೊತ್ತು. ಆದರೆ ಬೇರೆ ದಾರಿ ಇರಬೇಕಲ್ಲ! ಕುಶಾಲನಗರದ ಕಡೆಯಿಂದ ಒಂದು, ಸಂಪಾಜೆ ಕಡೆಯಿಂದ ಒಂದು ಬಂದಿದ್ದರೆ ಸರಿ. ಎರಡು ಕೇಬಲ್ ಇದೆ ಅಂತ ಕಾಗದದಲ್ಲಿ ತೋರಿಸಿ, ಎರಡನ್ನೂ ಒಂದೇ ಘಾಟ್ ರಸ್ತೆಯ ಒಂದೇ ಗುಂಡಿಯಲ್ಲಿ ಹೂತಿದ್ದರೆ ಯಾವ ಸಾಫ್ಟ್‌ವೇರ್ ಬಂದರೂ ಅಷ್ಟೇ.

ಇನ್ನೊಂದು ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲ. ಒಂದು ಟವರ್‌ಗೆ ಕರೆಂಟ್ ಇದೆ, ಆದರೆ ಹೊರಗಿನ ಸಂಪರ್ಕ ಕಡಿದಿದೆ ಅಂದುಕೊಳ್ಳಿ. ಆಗ ಆ ಟವರ್ ಕೆಳಗೆ ಎದುರುಬದುರು ಮನೆಯಲ್ಲಿರುವ ಇಬ್ಬರಿಗೂ ಒಬ್ಬರಿಗೊಬ್ಬರು ಫೋನ್ ಮಾಡಲು ಆಗುವುದಿಲ್ಲ. ಈ ಸಿಮ್ ಯಾರದು, ಕರೆ ಜೋಡಿಸಬಹುದಾ ಅನ್ನುವ ತೀರ್ಮಾನ ಎಲ್ಲೋ ದೂರದ ಊರಿನ ಕೋರ್‌ನಲ್ಲಿದೆ. ಲ್ಯಾಪ್‌ಟಾಪ್‌ನಲ್ಲಿ ಮೂರನೆಯ ಕಂಪ್ಯೂಟರ್‌ಗೆ ಆದದ್ದೇ ಇಲ್ಲೂ ಆಗುತ್ತದೆ. ಕೋರ್ ಅಂದರೆ ರೂಮು ತುಂಬ ಯಂತ್ರ ಆಗಿದ್ದ ಕಾಲದಲ್ಲಿ ಇದಕ್ಕೆ ಮದ್ದಿರಲಿಲ್ಲ. ಈಗ ಕೋರ್ ಸಾಫ್ಟ್‌ವೇರ್. ಓಪನ್5ಜಿಎಸ್ ಅನ್ನುವ ಉಚಿತ ಕೋರ್ ಇದೆ, ಒಂದು ಲ್ಯಾಪ್‌ಟಾಪ್ ಮೇಲೆ ಓಡುತ್ತದೆ. ಟವರ್ ಬುಡದಲ್ಲಿ ಒಂದು ಸಣ್ಣ ಕೋರ್ ಇಟ್ಟು, ಹೊರಗಿನ ಸಂಪರ್ಕ ಹೋದಾಗ ಆ ಪ್ರದೇಶದೊಳಗಿನ ಕರೆಗಳನ್ನಾದರೂ ನಡೆಸುವುದು ಸಾಧ್ಯ. ಇದು ನನ್ನ ಕಲ್ಪನೆಯಲ್ಲ. ಮೊಬೈಲ್ ಮಾನದಂಡ ಬರೆಯುವ 3ಜಿಪಿಪಿ ತನ್ನ 13ನೇ ಆವೃತ್ತಿಯಲ್ಲೇ ಪೊಲೀಸ್, ಅಗ್ನಿಶಾಮಕ, ರಕ್ಷಣಾ ತಂಡಗಳಿಗೆ ಇಂಥದ್ದೊಂದು ವ್ಯವಸ್ಥೆ ಸೇರಿಸಿದೆ. ಗುಡ್ಡ ಜಾರಿದಾಗ ಹುಡುಕಾಟ ನಡೆಸುವವರಿಗೆ ಬೇಕಾದದ್ದು ಯೂಟ್ಯೂಬ್ ಅಲ್ಲ, ಗುಡ್ಡದ ಆಚೆ ಬದಿಯಲ್ಲಿರುವ ತಂಡದ ಜೊತೆ ಮಾತು. ಸಿ-ಡಾಟ್‌ನಂಥ ನಮ್ಮದೇ ಕೋರ್ ಇರುವಾಗ ಇದನ್ನು ಕೊಡಗಿನಂಥ ಜಿಲ್ಲೆಯಲ್ಲಿ ಮೊದಲು ಮಾಡಿ ನೋಡಬೇಕು ಅನ್ನುವುದು ನನ್ನ ಅಭಿಪ್ರಾಯ. ಪೇಟೆಗಳಲ್ಲಿ ಎನ್‌ಎಫ್‌ವಿ ಖರ್ಚು ಉಳಿಸುತ್ತದೆ. ಇಲ್ಲಿ ಅದಕ್ಕಿಂತ ದೊಡ್ಡ ಕೆಲಸ ಇದೆ.

ಆಮೇಲೆ ಪ್ರಶ್ನೆಗಳು.

ಪೊನ್ನಂಪೇಟೆ ಕಡೆಯ ಎಂಜಿನಿಯರಿಂಗ್ ವಿದ್ಯಾರ್ಥಿನಿಯೊಬ್ಬಳು ಕೇಳಿದಳು: ‘ಸರ್, ಕಂಟ್ರೋಲರನ್ನೇ ಯಾರಾದರೂ ಹ್ಯಾಕ್ ಮಾಡಿದರೆ?’ ಇಡೀ ಜಾಲವೇ ಅವರ ಕೈಗೆ ಹೋಗುತ್ತದೆ. ಅದಕ್ಕೆ ಕಂಟ್ರೋಲರ್‌ಗೂ ಸ್ವಿಚ್‌ಗೂ ನಡುವಿನ ಮಾತನ್ನು ಗೂಢಲಿಪಿಯಲ್ಲಿ ಇಡುತ್ತಾರೆ. ಆ ಸಂಪರ್ಕವನ್ನು ಜನರ ಡೇಟಾ ಹೋಗುವ ದಾರಿಯಿಂದ ಬೇರೆ ಮಾಡುತ್ತಾರೆ. ಕಂಟ್ರೋಲರ್ ಒಂದೇ ಇಡದೆ ಬೆಸ ಸಂಖ್ಯೆಯಲ್ಲಿ, ಮೂರೋ ಐದೋ ಇಡುತ್ತಾರೆ. ಬೆಸ ಯಾಕೆ ಅಂದರೆ, ತಮ್ಮ ನಡುವಿನ ಸಂಪರ್ಕ ಕಡಿದು ಎರಡು ಗುಂಪಾದಾಗ ಯಾವ ಗುಂಪಿನಲ್ಲಿ ಬಹುಮತ ಇದೆಯೋ ಅದು ಮಾತ್ರ ಆದೇಶ ಕೊಡಬೇಕು. ಆದರೆ ಮೂರು ಕಂಟ್ರೋಲರ್ ಇಟ್ಟರೆ ಕೆಡುವುದನ್ನು ತಡೆಯಬಹುದು, ಕಳ್ಳತನವನ್ನಲ್ಲ. ಒಂದೇ ಪಾಸ್‌ವರ್ಡ್ ಮೂರಕ್ಕೂ ಇಟ್ಟರೆ ಮುಗಿಯಿತು.

‘ಎಲ್ಲಿಂದ ಕಲಿಯೋಕೆ ಶುರು ಮಾಡಬೇಕು?’ ಅಂತ ಅವಳ ಪಕ್ಕದ ಹುಡುಗ. ಎಸ್‌ಡಿಎನ್‌ನಿಂದ ಶುರು ಮಾಡಬೇಡಪ್ಪ. ಐಪಿ ವಿಳಾಸ, ಸಬ್‌ನೆಟ್, ಎಆರ್‌ಪಿ ಸರಿಯಾಗಿ ಬರಲಿ. ಲಿನಕ್ಸ್ ಕಮಾಂಡ್ ಕೈಗೆ ಒಗ್ಗಲಿ. ಸ್ವಲ್ಪ ಪೈಥಾನ್. ಆಮೇಲೆ ಮಿನಿನೆಟ್ ಹಾಕಿಕೊಂಡು ಇವತ್ತು ತೋರಿಸಿದ್ದನ್ನೇ ಮನೆಯಲ್ಲಿ ಮಾಡು, ಕಂಟ್ರೋಲರ್ ನಿಲ್ಲಿಸಿ ನೋಡು. ಒಮ್ಮೆ ಡೌನ್‌ಲೋಡ್ ಮಾಡಿಕೊಂಡರೆ ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತದೆ. ಜೂನ್, ಜುಲೈನಲ್ಲಿ ಇಲ್ಲಿ ಅದೂ ಒಂದು ಅನುಕೂಲವೇ.

ಕೊನೆಗೆ ಹೋಂಸ್ಟೇ ನಡೆಸುವ ಒಬ್ಬರು ಎದ್ದು ನಿಂತರು. ‘ಗೆಸ್ಟ್‌ಗಳು ಬಂದ ಕೂಡಲೇ ವೈಫೈ ಕೇಳುತ್ತಾರೆ. ಅದಕ್ಕೇ ಎರಡು ಕಂಪನಿಯ ಫೈಬರ್ ಹಾಕಿಸಿದ್ದೇನೆ. ಆದರೂ ಹೋದರೆ ಎರಡೂ ಒಟ್ಟಿಗೇ ಹೋಗುತ್ತದೆ. ಎಸ್‌ಡಿ-ವ್ಯಾನ್ ಹಾಕಿಸಿ ಅಂತ ಒಬ್ಬರು ಹೇಳಿದರು. ಹಾಕಿಸಲಾ?’

ಎಸ್‌ಡಿ-ವ್ಯಾನ್ ಅಂದರೆ ಎಸ್‌ಡಿಎನ್ ವಿಚಾರವನ್ನೇ ಕಂಪನಿಗಳ ಶಾಖೆಗಳ ಮಧ್ಯೆ ತಂದದ್ದು. ಎರಡು ಮೂರು ಇಂಟರ್‌ನೆಟ್ ಸಂಪರ್ಕದ ಗುಣವನ್ನು ಸದಾ ಅಳೆಯುತ್ತಾ, ವಿಡಿಯೊ ಕಾಲ್ ಚೆನ್ನಾಗಿರುವ ಲೈನ್‌ನಲ್ಲಿ, ಬ್ಯಾಕಪ್ ಇನ್ನೊಂದರಲ್ಲಿ ಅಂತ ಹಂಚುತ್ತದೆ. ಒಂದು ಲೈನ್ ಹೋದರೂ ನಡೆಯುತ್ತಿರುವ ಕಾಲ್ ಕಡಿಯದ ಹಾಗೆ ನೋಡಿಕೊಳ್ಳುತ್ತದೆ. ಹತ್ತಾರು ಶಾಖೆ ಇರುವ ಬ್ಯಾಂಕಿಗೆ ಸರಿ. ನಾಲ್ಕು ರೂಮಿನ ಹೋಂಸ್ಟೇಗೆ ಎರಡು ಲೈನ್ ಹಾಕಬಹುದಾದ ಸಾದಾ ಡ್ಯುಯಲ್ ವ್ಯಾನ್ ರೌಟರ್ ಸಾಕು. ಒಂದು ಹೋದರೆ ಇನ್ನೊಂದಕ್ಕೆ ತಾನೇ ಹೋಗುತ್ತದೆ. ಕಾಲ್ ಒಮ್ಮೆ ಕಡಿದು ಮತ್ತೆ ಬರುತ್ತದೆ, ಅಷ್ಟೆ. ಇಷ್ಟು ಹೇಳಿ, ಎರಡೂ ಕಂಪನಿಯ ಕೇಬಲ್ ಮನೆಗೆ ಎಲ್ಲಿಂದ ಬರುತ್ತದೆ ಅಂತ ಕೇಳಿದೆ.

‘ಎರಡೂ ಒಂದೇ ಕಂಬದ ಮೇಲೆ, ಸರ್. ಮೇನ್ ರೋಡಿನಿಂದ ತೋಟದ ಒಳಗೆ ಬರುವುದು ಅದೊಂದೇ ಲೈನ್.’

ಹಾಗಾದರೆ ರೌಟರ್ ಆಮೇಲೆ ನೋಡೋಣ. ಮೊದಲು ಆ ಎರಡನೆಯ ಫೈಬರ್ ಬಿಡಿಸಿ. ಅದೇ ದುಡ್ಡಿಗೆ ಒಂದು 4ಜಿ ಸಿಮ್ ರೌಟರ್ ತೆಗೆದುಕೊಂಡು, ಮನೆಯಲ್ಲಿ ಸಿಗ್ನಲ್ ಸಿಗುವ ಕಡೆ ಎತ್ತರದಲ್ಲಿ ಹೊರಗಿನ ಆಂಟೆನಾ ಹಾಕಿಸಿ. ಸಿಮ್ ಬೇರೆ ಕಂಪನಿಯದಾಗಿರಲಿ. ಯುಪಿಎಸ್ ಮರೆಯಬೇಡಿ.